ಪೆಗ್ಗಿ ಕುಡಿದ ಗಂಜಿ ತಿಳಿ

ಕುಚ್ಚಲಕ್ಕಿ ಗಂಜಿಯ ತಿಳಿ ಬಿಸಿಯಿರುವಾಗ ಸೌಟಿನಿಂದ ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಬೀಳುತ್ತದೆ. ಆರುತ್ತ ಬಂದಂತೆ ಮೇಲೊಂದು ತೆಳು ಕೆನೆ ಕಟ್ಟುತ್ತದೆ. ಲೋಟ ಓರೆ ಮಾಡಿದರೆ ಆ ಕೆನೆ ಅಂಚಿನಲ್ಲಿ ಸುಕ್ಕಾಗಿ ನಿಂತುಬಿಡುತ್ತದೆ, ತಿಳಿ ಮಾತ್ರ ಅದರ ಅಡಿಯಿಂದ ಜಾರಿ ಹೋಗುತ್ತದೆ.

ಕಳೆದ ತಿಂಗಳ ಒಂದು ಭಾನುವಾರ ಸಂಜೆ, ಬೇಳದ ಒಂದು ಮನೆಯಲ್ಲಿ ನಾನು ನೋಡುತ್ತ ನಿಂತದ್ದು ಆ ಸುಕ್ಕನ್ನು. ಸ್ಟೀಲಿನ ಲೋಟ ಹಿಡಿದಿದ್ದವರು ಐರಿನಕ್ಕ. ಕುರ್ಚಿಯಲ್ಲಿ ದಿಂಬಿಗೆ ಒರಗಿ ಕುಳಿತಿದ್ದವರು ಅವರ ಅತ್ತೆ ಸೆವ್ರಿನ್ ಬಾಯಿ. ಅದಕ್ಕೂ ತಿಂಗಳ ಹಿಂದೆ ಪಕ್ಷವಾತ ಬಂದು ಅವರ ತುಟಿಯ ಬಲಮೂಲೆ ಕೆಳಗಿಳಿದಿತ್ತು. ಎರಡು ಗುಟುಕು ಕುಡಿದು ಅವರು ಕೆಮ್ಮಿದರು. ಐರಿನಕ್ಕ ಬೆನ್ನು ತಟ್ಟಿ, ಸೆರಗಿನಿಂದ ಗಲ್ಲ ಒರೆಸಿ, ಮತ್ತೆ ಲೋಟವನ್ನು ತುಟಿಗೆ ಹಿಡಿದರು. ಹಿತ್ತಿಲಿನಿಂದ ಗೇರುಹಣ್ಣಿನ ಹುಳಿವಾಸನೆ ಬರುತ್ತಿತ್ತು. ಅದನ್ನು ದಾಟಿ ಬಂತು ಗಂಜಿಯ ವಾಸನೆ. ನಾನು ಕಿಟಕಿಯ ಸರಳು ಹಿಡಿದುಕೊಂಡೆ.

ನಮ್ಮ ಮನೆ ಬದಿಯಡ್ಕದಲ್ಲಿ. ಕೆಲಸ ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ, ಆಹಾರ ಪದಾರ್ಥ ತಯಾರಿಸುವ ಒಂದು ಘಟಕದ ಪ್ರಯೋಗಾಲಯದಲ್ಲಿ. ದಿನಾ ಬೆಳಿಗ್ಗೆ ಹೋಗುವ ಬಸ್ಸು ಬೇಳದ ಮೇಲೆಯೇ ಹೋಗುತ್ತದೆ, ಸಂಜೆ ಬರುವಾಗಲೂ ಅದೇ ದಾರಿ. ಎರಡು ವರ್ಷಗಳಿಂದ ದಿನಕ್ಕೆ ಎರಡು ಸಲ ಆ ನಿಲ್ದಾಣವನ್ನು ನೋಡಿದ್ದೇನೆ, ಒಮ್ಮೆಯೂ ಇಳಿದಿರಲಿಲ್ಲ. ಆ ಭಾನುವಾರ ಇಳಿದದ್ದು ಹಿಂದಿನ ದಿನ ಬಂದ ಒಂದು ದನಿ ಸಂದೇಶದಿಂದ. ಮೂರು ವರ್ಷಗಳ ಬಳಿಕ ಕೇಳಿದರೂ ಆ ದನಿ ಯಾರದೆಂದು ಮೊದಲ ಪದಕ್ಕೇ ಗೊತ್ತಾಗಿತ್ತು.

"ಶಮೀಮ, ನಾನು ಹೆಲೆನ್. ಅಮ್ಮನಿಗೆ ಸ್ಟ್ರೋಕ್ ಆಗಿ ತಿಂಗಳಾಯ್ತು. ಫೋನಿನಲ್ಲಿ ನೋಡುವಾಗ ಕುಡಿದದ್ದಕ್ಕೆಲ್ಲ ಕೆಮ್ಮುತ್ತಾರೆ. ತಿಳಿ ಕೊಡಬೇಡ ಅಂತ ಐರಿನ್‌ಗೆ ಹೇಳಿ ಹೇಳಿ ಸಾಕಾಯ್ತು, ನಾದಿನಿಯ ಮಾತು ಯಾರು ಕೇಳ್ತಾರೆ. ನೀನು ಒಮ್ಮೆ ಹೋಗು. ನಿನಗೆ ನಾನು ಎಂತದೂ ವಿವರಿಸಬೇಕಾಗಿಲ್ಲ."

ಕೊನೆಯ ವಾಕ್ಯವನ್ನು ನಾನು ನಾಲ್ಕು ಸಲ ಕೇಳಿದೆ.

ಐರಿನಕ್ಕನಿಗೆ ನಾನು ಬಂದದ್ದು ಯಾಕೆಂದು ಗೊತ್ತಿತ್ತು. ಕಾಫಿ ಕೊಟ್ಟು ನಗುತ್ತಲೇ ಕೇಳಿದರು, "ಅವಳು ಅಲ್ಲಿಂದ ದಿನಾ ಫೋನಿನಲ್ಲಿ ಹೇಳುದು ಸಾಲದು ಅಂತ ಈಗ ಆಳು ಕಳಿಸ್ಲಿಕ್ಕೆ ಶುರು ಮಾಡಿದ್ದಾ?"

ನಾನು ಹೇಳಬೇಕಾದ್ದನ್ನು ಹೇಳಿದೆ. ಪಕ್ಷವಾತದ ಮೇಲೆ ಗಂಟಲಿನ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ, ತೆಳ್ಳಗಿನದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅನ್ನವನ್ನೂ ಸೇರಿಸಿ ಅರೆದು ದಪ್ಪ ಮಾಡಿ ಚಮಚದಲ್ಲಿ ಕೊಡುವುದು ಒಳ್ಳೆಯದು ಎಂದೆ. ಮನೆಮನೆಗೆ ಬಂದು ರೋಗಿಗಳನ್ನು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬಂದಾಗ ನುಂಗುವುದನ್ನು ಒಮ್ಮೆ ಪರೀಕ್ಷಿಸಲು ಹೇಳಿ ಎಂದೆ.

"ಅರೆದು ಕೊಟ್ಟರೆ ಉಗಿಯುತ್ತಾರೆ. ತಿಳಿ ಆದರೆ ಬಾಯಿ ತೆರೆಯುತ್ತಾರೆ. ನಾನು ಎಂತ ಮಾಡ್ಬೇಕು? ನಮ್ಮಲ್ಲಿ ಬಾಣಂತಿಗೂ ಅದೇ, ಜ್ವರಕ್ಕೂ ಅದೇ. ಮಾವ ಹೋಗುವಾಗ ಬಾಯಿಗೆ ಬಿಟ್ಟದ್ದೂ ಅದೇ. ಗಂಜಿ ತಿಳಿ ಕುಡಿದು ಯಾರಿಗಾದ್ರೂ ಎಂತಾದ್ರೂ ಆದದ್ದು ನೀನು ನೋಡಿದ್ದೀಯಾ?"

"ಓದಿದ್ದೇನೆ" ಎಂದೆ.

"ಓದಿದ್ದು" ಎಂದರು ಐರಿನಕ್ಕ. ನಗಲಿಲ್ಲ, ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ನನ್ನ ಕಡೆಗೆ ಸರಿಸಿದರು.

ಬಸ್ಸು ಬರುವವರೆಗೆ ರಸ್ತೆಬದಿಯ ಮುರಕಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದೆ. ಮೂರು ವರ್ಷಗಳ ಹಿಂದಿನ ಆ ಚಳಿಗಾಲದ ಬಗ್ಗೆ ನಮ್ಮ ಮನೆಯಲ್ಲೂ ನಾನು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ನಾನು ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ವಿದ್ಯಾರ್ಥಿ ವೀಸಾದಲ್ಲಿ ಹೋದವರು ತರಗತಿಯ ತಿಂಗಳುಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ನನ್ನ ಇಪ್ಪತ್ತು ಗಂಟೆಗಳು ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಹಂಚಿಹೋಗಿದ್ದವು: ಶನಿವಾರ ಎಂಟು, ಭಾನುವಾರ ಎಂಟು, ಬುಧವಾರ ಮಧ್ಯಾಹ್ನದ ನಂತರ ನಾಲ್ಕು. ಏಳಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಒತ್ತಿ ಹುಣ್ಣಾಗುವ ಜಾಗಗಳಿಗೆ ಮುಲಾಮು ಹಚ್ಚುವುದು, ಉಣ್ಣಿಸುವುದು, ಯಾರು ಎಷ್ಟು ಕುಡಿದರೆಂದು ಹೇಳುವುದು. ಪ್ರತಿ ಕೆಲಸದ ಮೊದಲೂ ಕೊನೆಗೂ ಕೈ ತೊಳೆಯುವುದು. ನವೆಂಬರಿನ ಹೊತ್ತಿಗೆ ಬೆರಳ ಗೆಣ್ಣುಗಳು ಬಿರಿದು, ಮಡಚಿದರೆ ಸಣ್ಣಗೆ ರಕ್ತ ಕಾಣುತ್ತಿತ್ತು. ಮಧ್ಯಾಹ್ನ ಮೂರೂವರೆಗೇ ಬೆಳಕು ಮುಗಿಯುತ್ತಿತ್ತು. ಮಳೆ ಬಂದರೂ ಬಂತೆಂದು ತಿಳಿಯುತ್ತಿರಲಿಲ್ಲ. ಸದ್ದಿಲ್ಲದ ಮಳೆ ಅದು, ಕೋಟಿನ ಮೇಲೆ ಹೊಗೆಯಂತೆ ಕೂರುತ್ತಿತ್ತು.

ಊರಿನ ಮನೆಯಲ್ಲಿ ನಾನು ಹೇಳಿದ್ದು ಲೈಬ್ರರಿಯಲ್ಲಿ ಕೆಲಸವೆಂದು. ಹಾಗೆ ಹೇಳುವುದು ಕಷ್ಟವಾಗಲಿಲ್ಲ. ನನ್ನ ಅಪ್ಪ, ನಮ್ಮ ಮಾತಿನಲ್ಲಿ ಉಪ್ಪ, ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿದ್ದರು. ನಾನು ಸಣ್ಣವಳಿರುವಾಗ ಅವರು ಕಳಿಸುತ್ತಿದ್ದ ಫೋಟೊಗಳಲ್ಲಿ ಇಸ್ತ್ರಿ ಮಾಡಿದ ಅಂಗಿ, ಹಿಂದೆ ಯಾವುದೋ ಕಾರಂಜಿ ಇರುತ್ತಿತ್ತು. ಅಲ್ಲಿ ಅವರದು ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಕೆಲಸವೆಂದು ನನಗೆ ತಿಳಿದದ್ದು ಹತ್ತನೇ ತರಗತಿಯಲ್ಲಿ, ಅದೂ ಮದುವೆಮನೆಯಲ್ಲಿ ಇನ್ಯಾರೋ ಆಡಿದ ಮಾತಿನಿಂದ. ನಮ್ಮ ಕಡೆ ಹೊರದೇಶದ ಕೆಲಸವನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಕೇಳುವುದೂ ಇಲ್ಲ. ಒಂದು ದಿನ ವಿಡಿಯೊ ಕರೆಯಲ್ಲಿ ಮಾತಾಡುತ್ತ ನಾನು ಕೂದಲು ಸರಿಸಿಕೊಂಡೆ. ಉಪ್ಪ ನನ್ನ ಕೈ ನೋಡಿದರು.

"ರಾತ್ರಿ ಮಲಗುವಾಗ ತೆಂಗಿನೆಣ್ಣೆ ಹಚ್ಚು. ಹಚ್ಚಿ ಮೇಲಿಂದ ಸಾಕ್ಸ್ ಹಾಕ್ಕೊ, ಕೈಗೆ" ಎಂದರು ಬ್ಯಾರಿ ಭಾಷೆಯಲ್ಲಿ.

"ಕೈಗೆ ಸಾಕ್ಸಾ?" ಎಂದು ಪಕ್ಕದಿಂದ ಉಮ್ಮ ನಕ್ಕರು. "ಪುಸ್ತಕ ಮುಟ್ಟಿದರೆ ಕೈ ಒಡೆಯುತ್ತದಾ?"

"ಅಲ್ಲಿನ ಪುಸ್ತಕ ಹಾಗೆ" ಎಂದರು ಉಪ್ಪ. ಆಮೇಲೆ ಆ ವಿಷಯ ಮತ್ತೆ ಎತ್ತಲಿಲ್ಲ.

ನಾನು ದುಡಿಯುತ್ತಿದ್ದ ಆ ವೃದ್ಧರ ಮನೆಯಲ್ಲಿ ಹೆಲೆನ್ ಬಾಯಿ ನಮ್ಮೆಲ್ಲರ ಮೇಲಿನ ಸೀನಿಯರ್. ಮೊದಲ ದಿನ ನನ್ನ ಹೆಸರಿನ ಚೀಟಿ ನೋಡಿ, ಯಾವ ಊರೆಂದು ಇಂಗ್ಲಿಷಿನಲ್ಲಿ ಕೇಳಿದರು. ಕೇರಳ ಎಂದೆ. ಕೇರಳದಲ್ಲಿ ಎಲ್ಲಿ ಎಂದರು. ಕಾಸರಗೋಡು ಎಂದೆ. ಅವರು ಕೈಯಲ್ಲಿದ್ದ ಹೊದಿಕೆಯನ್ನು ಕೆಳಗಿಟ್ಟರು.

"ಕಾಸರಗೋಡಿನಲ್ಲಿ ಎಲ್ಲಿ ಮಾರಾಯ್ತಿ?"

ಬದಿಯಡ್ಕ ಎಂದಾಗ, "ಹಾಗಾದರೆ ನಿನ್ನ ಬಸ್ಸು ನಮ್ಮ ಮನೆ ಎದುರಿಂದಲೇ ಹೋಗುದು" ಎಂದು ನಕ್ಕುಬಿಟ್ಟರು. ಹೆಲೆನ್ ಬಾಯಿಗೆ ಆಗ ನಲವತ್ತು ದಾಟಿತ್ತು. ಗಂಡನೂ ಇಬ್ಬರು ಹೆಣ್ಣುಮಕ್ಕಳೂ ಅಲ್ಲೇ ಇದ್ದರು. ನಾಲ್ವರೂ ಆ ದೇಶದಲ್ಲಿರಲು ಅನುಮತಿ ಇದ್ದದ್ದು ಅವರ ಈ ಒಂದು ಕೆಲಸದ ಮೇಲೆ. ನಾನು ಅಲ್ಲಿ ಒಂದು ವರ್ಷಕ್ಕೆ ಬಂದವಳು, ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಅವರಿಗೆ ಹಾಗಲ್ಲ. ಇದು ನನಗೆ ಆರಂಭದಿಂದಲೇ ಗೊತ್ತಿತ್ತು.

ಒಂಬತ್ತನೇ ಕೋಣೆಯಲ್ಲಿ ಪೆಗ್ಗಿ ಇದ್ದರು. ವಯಸ್ಸು ಎಂಬತ್ತೆಂಟು. ಮೂವತ್ತು ವರ್ಷ ಒಂದು ಶಾಲೆಯ ಊಟದ ಕೋಣೆಯಲ್ಲಿ ಮಕ್ಕಳಿಗೆ ಬಡಿಸಿದವರು. ಕೋಣೆಗೆ ಯಾರು ಬಂದರೂ, ಡಾಕ್ಟರಿರಲಿ ಕಿಟಕಿ ಒರೆಸುವವನಿರಲಿ, ಅವರ ಮೊದಲ ಮಾತು, "ನೀನು ಊಟ ಮಾಡಿದೆಯಾ?" ಆ ಊರಿನಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ಶಮೀಮ ಎನ್ನಲು ಬಾರದೆ "ಮಿಮ್" ಎನ್ನುತ್ತಿದ್ದರು. ಹಿಂದಿನ ವರ್ಷ ಪಕ್ಷವಾತವಾಗಿತ್ತು. ಅವರ ಹಾಸಿಗೆಯ ಮೇಲ್ಗಡೆ ಗೋಡೆಗೆ ಸೂಚನೆಯ ನೀಲಿ ಹಾಳೆ ಅಂಟಿಸಿತ್ತು: ಕುಡಿಯಲು ಕೊಡುವ ಪ್ರತಿಯೊಂದಕ್ಕೂ ಡಬ್ಬದಲ್ಲಿದ್ದ ಬಿಳಿ ಪುಡಿಯನ್ನು ಅಳತೆಯ ಚಮಚದಲ್ಲಿ ಬೆರೆಸಿ ದಪ್ಪ ಮಾಡಿಯೇ ಕೊಡಬೇಕು, ನೀರಿಗೂ ಚಹಾಕ್ಕೂ ಹಣ್ಣಿನ ರಸಕ್ಕೂ. ಇದನ್ನು ನಮಗೆ ಒಂದು ದಿನ ಕೂರಿಸಿ ಕಲಿಸಿದ್ದರು. ಕಲಿತೆನೆಂದು ನಾನು ಸಹಿ ಹಾಕಿದ್ದೆ.

ಪೆಗ್ಗಿಗೆ ಆ ಪುಡಿ ಕಂಡರಾಗದು. ಒಮ್ಮೆ ದಪ್ಪ ಚಹಾದಲ್ಲಿ ಚಮಚ ನೆಟ್ಟು, ಅದು ಮೆಲ್ಲಗೆ ವಾಲುವುದನ್ನು ನನಗೆ ತೋರಿಸಿದರು. "ನಾನು ಇಂಥದ್ದನ್ನು ಬಡಿಸಿದ್ದರೆ ಮಕ್ಕಳು ನನ್ನ ತಲೆಗೇ ಸುರಿಯುತ್ತಿದ್ದವು" ಎಂದರು. ಡಿಸೆಂಬರಿನಲ್ಲಿ ಅವರು ಕುಡಿಯುವುದನ್ನೇ ಕಡಿಮೆ ಮಾಡಿದರು. ಲೋಟ ತಂದರೆ ಮುಖವನ್ನು ಗೋಡೆಗೆ ತಿರುಗಿಸುವರು. ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಪ್ರತಿ ಶನಿವಾರ ಎತ್ತಿ ಕೂರಿಸುವಾಗ ಅವರು ಹಿಂದಿನ ವಾರಕ್ಕಿಂತ ಹಗುರವಾಗಿರುವುದು ನನ್ನ ತೋಳಿಗೆ ತಿಳಿಯುತ್ತಿತ್ತು.

ಜನವರಿಯ ಒಂದು ಶನಿವಾರ ನನ್ನ ಊಟದ ಫ್ಲಾಸ್ಕನ್ನು ಪೆಗ್ಗಿಯ ಕೋಣೆಯಲ್ಲೇ ತೆರೆದೆ. ಸಿಬ್ಬಂದಿಯ ಕೋಣೆಯಲ್ಲಿ ಹೀಟರು ಕೆಟ್ಟಿತ್ತು, ಪೆಗ್ಗಿ ತಾವಾಗಿಯೇ ಇಲ್ಲಿ ಕೂತು ಉಣ್ಣು ಎಂದಿದ್ದರು. ಫ್ಲಾಸ್ಕಿನಲ್ಲಿದ್ದದ್ದು ಗಂಜಿ. ಅಲ್ಲಿನ ಒಂದು ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಗುತ್ತಿತ್ತು. ಉಪ್ಪಿನಕಾಯಿ ಉಮ್ಮ ಕಳಿಸಿದ್ದು. ಮುಚ್ಚಳ ತೆರೆದಾಗ ಎದ್ದ ಹಬೆಗೆ ಪೆಗ್ಗಿ ತಲೆ ತಿರುಗಿಸಿದರು.

"ಅದೇನು?"

"ಅಕ್ಕಿ. ತುಂಬ ನೀರಿನಲ್ಲಿ ಬೇಯಿಸಿದ್ದು. ನಮ್ಮಲ್ಲಿ ಹುಷಾರಿಲ್ಲದವರಿಗೆ ಕೊಡುತ್ತೇವೆ."

"ನಿನಗೆ ಹುಷಾರಿಲ್ಲವೇ?"

"ನನಗೆ ಹಸಿವು."

ಅವರು ಫ್ಲಾಸ್ಕನ್ನೇ ನೋಡುತ್ತ, "ನನಗೆ ಹುಷಾರಿಲ್ಲ" ಎಂದರು.

ನಾನು ಅವರ ಲೋಟಕ್ಕೆ ಮೇಲಿನ ತಿಳಿ ಬಸಿದು, ಚಿಟಿಕೆ ಉಪ್ಪು ಹಾಕಿ, ಆರಿಸಿ ಕೊಟ್ಟೆ. ವಾರಗಳಿಂದ ಬೇರೆಯವರೇ ಹಿಡಿದು ಕುಡಿಸುತ್ತಿದ್ದ ಆ ಲೋಟವನ್ನು ಅವರು ಎರಡೂ ಕೈಯಲ್ಲಿ ತಾವೇ ಹಿಡಿದು, ನಿಲ್ಲಿಸದೆ ಅರ್ಧ ಕುಡಿದರು. ಒಂದು ಸಲ ಕೆಮ್ಮು ಬಂತು. ಮತ್ತೆ ಕುಡಿದರು. ಲೋಟ ಕೊಡುವಾಗ ಒಳಗೆ ಅಂಟಿದ್ದ ಕೆನೆಯನ್ನು ಬೆರಳಿನಿಂದ ಬಳಿದು ನೆಕ್ಕಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ದಿನ ಬಸ್ಸಿಗೆ ಕಾಯದೆ ಚಳಿಯಲ್ಲಿ ನಡೆದುಕೊಂಡೇ ಕೋಣೆಗೆ ಹೋದೆ.

ಪುಡಿ ಬೆರೆಸಬೇಕೆಂಬುದು ನನಗೆ ಮರೆತಿರಲಿಲ್ಲ. ಮರೆತಿದ್ದರೆ ಹೇಳುವುದು ಸುಲಭವಿತ್ತು. ನೀರಿಗೆ ಬೆರೆಸಬೇಕು, ಚಹಾಕ್ಕೆ ಬೆರೆಸಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಂಜಿ ತಿಳಿ ಆ ಪಟ್ಟಿಯಲ್ಲಿ ಬರುವ ವಸ್ತುವೆಂದು ನನಗೆ ಹೊಳೆಯಲೇ ಇಲ್ಲ. ಬೇರೇನೂ ಕೊಡಬಾರದಾದಾಗ ಕೊಡುವುದು ಅದು. ಜ್ವರದಲ್ಲಿ ಉಮ್ಮ ನನ್ನ ಕತ್ತಿನ ಅಡಿಗೆ ಕೈಯಿಟ್ಟು ಎತ್ತಿ ಕುಡಿಸುತ್ತಿದ್ದದ್ದು ಅದು. ಅದರಿಂದ ಕೆಡುಕಾದೀತೆಂಬ ಯೋಚನೆಗೆ ನನ್ನ ತಲೆಯಲ್ಲಿ ಜಾಗವೇ ಇರಲಿಲ್ಲ.

ಆ ಸಂಜೆ ಹೆಲೆನ್ ಬಾಯಿ ಹಾಳೆ ತುಂಬಿಸುತ್ತಿದ್ದರು. ಪ್ರತಿಯೊಬ್ಬರೂ ದಿನಕ್ಕೆ ಎಷ್ಟು ಕುಡಿದರೆಂದು ನಾವು ಹೇಳುವುದು, ಅವರು ಬರೆದು ಸಹಿ ಹಾಕುವುದು.

"ಒಂಬತ್ತನೇ ಕೋಣೆ?"

"ಒಂದು ಲೋಟ. ಪೂರ್ತಿ."

"ಪೆಗ್ಗಿಯಾ? ಪೂರ್ತಿಯಾ? ನೀನು ಎಂತ ಮಂತ್ರ ಹಾಕಿದ್ದು ಮಾರಾಯ್ತಿ?"

ನಾನು ನಕ್ಕೆ. ಅವರು 'ದಪ್ಪ ಮಾಡಿದ ಚಹಾ' ಎಂಬ ಸಾಲಿನಲ್ಲಿ ಬರೆದು ಸಹಿ ಹಾಕಿದರು. ನಾನು ಅದನ್ನು ನೋಡಿದೆ. ಚಹಾ ಅಲ್ಲ ಎಂದು ಹೇಳಲು ಬಾಯಿ ತೆರೆದವಳು, ನಮ್ಮ ಊಟವನ್ನು ಅಲ್ಲಿಯವರಿಗೆ ಕೊಟ್ಟದ್ದಕ್ಕೆ ಬೈಸಿಕೊಳ್ಳುವುದು ಯಾಕೆಂದು ಸುಮ್ಮನಾದೆ. ಭಾನುವಾರವೂ ಕೊಟ್ಟೆ. ಬುಧವಾರ ಪೆಗ್ಗಿ ನನ್ನ ಚೀಲದ ಕಡೆಗೇ ನೋಡುತ್ತಿದ್ದರು. ಆ ದಿನವೂ ಕೊಟ್ಟೆ. ಮೂರೂ ದಿನ ಹೆಲೆನ್ ಬಾಯಿ ಅದೇ ಸಾಲಿನಲ್ಲಿ ಬರೆದು ಸಹಿ ಹಾಕಿದರು.

ಶುಕ್ರವಾರ ಬೆಳಿಗ್ಗೆ ಅವರಿಂದ ಸಂದೇಶ ಬಂತು. ಪೆಗ್ಗಿಗೆ ಗುರುವಾರದಿಂದ ಜ್ವರ, ಎದೆಯಲ್ಲಿ ಕಫ, ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋಗಿದ್ದಾರೆ, ನ್ಯುಮೋನಿಯಾ.

ಶುಕ್ರವಾರ ಮಧ್ಯಾಹ್ನ ನಮಗೆ ಪ್ರಯೋಗಾಲಯ. ಆ ತಿಂಗಳು ನಾವು ಮಾಡುತ್ತಿದ್ದದ್ದು ಪಿಷ್ಟದ ಹರಿವನ್ನು ಅಳೆಯುವ ಕೆಲಸ. ಉದ್ದನೆಯ ಒಂದು ಲೋಹದ ತೊಟ್ಟಿ, ತಳದಲ್ಲಿ ಸೆಂಟಿಮೀಟರಿನ ಗೆರೆಗಳು, ಒಂದು ತುದಿಯಲ್ಲಿ ಸಣ್ಣ ಬಾಗಿಲು. ಬಾಗಿಲ ಹಿಂದೆ ಪದಾರ್ಥ ತುಂಬಿಸಿ, ಬಾಗಿಲು ಎತ್ತಿ, ಮೂವತ್ತು ಸೆಕೆಂಡಿನಲ್ಲಿ ಅದು ಎಷ್ಟು ದೂರ ಹರಿಯುತ್ತದೆಂದು ಬರೆದುಕೊಳ್ಳಬೇಕು. ನನ್ನ ವರದಿಗೆ ಹಿಂದಿನ ವಾರ ತರಗತಿಯಲ್ಲೇ ಹೆಚ್ಚಿನ ಅಂಕ ಬಂದಿತ್ತು. ಎಲ್ಲರೂ ಕೈ ತೊಳೆದು ಹೋದ ಮೇಲೆ ನಾನು ಚೀಲದಿಂದ ಫ್ಲಾಸ್ಕ್ ತೆಗೆದೆ. ತಿಳಿಯನ್ನು ಬಸಿದು ತೊಟ್ಟಿಗೆ ಹಾಕಿದೆ. ಎಡಗೈಯಲ್ಲಿ ಗಡಿಯಾರ ಹಿಡಿದು ಬಲಗೈಯಲ್ಲಿ ಬಾಗಿಲು ಎತ್ತಿದೆ. ಗುಂಡಿ ಒತ್ತುವ ಮೊದಲೇ ಅದು ಆಚೆಯ ತುದಿಗೆ ತಾಗಿ, ಅಂಚು ದಾಟಿ ಮೇಜಿನ ಮೇಲೆ ಚೆಲ್ಲಿತು.

ಮೇಜು ಒರೆಸಿದೆ. ಒರೆಸಿದ ಬಟ್ಟೆಯಲ್ಲೂ ಮನೆಯ ವಾಸನೆಯಿತ್ತು.

ಶನಿವಾರ ಕೆಲಸಕ್ಕೆ ಹೋದೆ. ಒಂಬತ್ತನೇ ಕೋಣೆಯ ಹಾಸಿಗೆಯ ಮೇಲೆ ಹೊಸ ಹೊದಿಕೆ ಹಾಸಿತ್ತು, ನೀಲಿ ಹಾಳೆ ಗೋಡೆಯಲ್ಲೇ ಇತ್ತು. ಸೋಮವಾರ ಒಂಬತ್ತಕ್ಕೆ ಮ್ಯಾನೇಜರ್ ಆ ವಾರದ ಹಾಳೆಗಳನ್ನು ಇಟ್ಟುಕೊಂಡು ಹೆಲೆನ್ ಬಾಯಿಯನ್ನು ವಿಚಾರಿಸುತ್ತಾರೆಂದು ಅಡುಗೆಯವರು ಹೇಳಿದರು. ಇಡೀ ದಿನ, ಮರುದಿನ ಭಾನುವಾರವೂ, ನಾನು ಹೆಲೆನ್ ಬಾಯಿಯ ಜೊತೆಗೇ ಕೆಲಸ ಮಾಡಿದೆ. ಇಬ್ಬರೂ ಎದುರುಬದುರು ನಿಂತು ಹಾಸಿಗೆಯ ಬಟ್ಟೆಯನ್ನು ಎಳೆದು ಮಡಚಿದೆವು. ನಾನು ಏನೂ ಹೇಳಲಿಲ್ಲ. ಹೇಳದಿರಲು ಪ್ರತಿ ಗಂಟೆಗೂ ಒಂದು ಕಾರಣ ಸಿಗುತ್ತಿತ್ತು. ಮುದುಕರಿಗೆ ಚಳಿಯಲ್ಲಿ ನ್ಯುಮೋನಿಯಾ ಬರುವುದು ಹೊಸದಲ್ಲ. ಪೆಗ್ಗಿ ನಾನು ಕೊಡುವ ಮೊದಲೇ ಬಡವಾಗಿದ್ದರು. ನನ್ನ ವೀಸಾ, ನನ್ನ ಪರೀಕ್ಷೆ.

ಭಾನುವಾರ ಕೆಲಸ ಮುಗಿಸಿ ಇಬ್ಬರೂ ಬಸ್ ನಿಲ್ದಾಣದಲ್ಲಿ ನಿಂತೆವು. ಹೆಲೆನ್ ಬಾಯಿಯ ಬಸ್ಸು ನನ್ನದಕ್ಕಿಂತ ಮೊದಲು ಬರುವುದು. ಅವರು ರಸ್ತೆಯ ಕಡೆಗೇ ನೋಡುತ್ತ ಮಾತಾಡಿದರು.

"ಬುಧವಾರ ಆ ಲೋಟ ತೊಳೆದದ್ದು ನಾನು."

ನಾನು ಅವರ ಕಡೆಗೆ ತಿರುಗಿದೆ.

"ಗಂಜಿಗೆ ನಿಮ್ಮ ಬ್ಯಾರಿಯಲ್ಲಿ ಕಂಞಿ ಅಂತೀರಿ, ನಮ್ಮ ಕೊಂಕಣಿಯಲ್ಲಿ ಪೇಜ್. ವಾಸನೆ ಒಂದೇ ಅಲ್ಲವಾ. ಸಿಂಕಿನ ಎದುರು ಲೋಟ ಮೂಸಿ ನೋಡಿದೆ. ಗೊತ್ತುಂಟಾ, ಆಗ ನನಗೆ ಅಮ್ಮನ ನೆನಪಾಯ್ತು. ಒಲೆಯ ಹತ್ತಿರ ಕೂತು ಬಸಿಯುದು ನೆನಪಾಯ್ತು. ಪೆಗ್ಗಿಯ ಗಂಟಲು ನೆನಪಾಗಲಿಲ್ಲ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುವವಳು ನಾನು. ಲೋಟ ತೊಳೆದು ಕವುಚಿ ಇಟ್ಟೆ, ಪಾಪದ್ದು ಕುಡಿಯಿತಲ್ಲ ಅಂತ."

"ಹೆಲೆನ್ ಬಾಯಿ..."

"ನಾಳೆ ನನ್ನಲ್ಲಿ ಕೇಳ್ತಾರೆ. ನನ್ನದು ನಾನು ಹೇಳ್ತೇನೆ, ನೋಡದೆ ಸಹಿ ಹಾಕಿದ್ದು ಹೌದು ಅಂತ. ನಿನ್ನದು ನಾನು ಹೇಳುದಿಲ್ಲ. ಅದು ನಿನ್ನ ಹತ್ತಿರ ಉಂಟು." ಬಸ್ಸು ಬಂತು. ಅವರು ಮೆಟ್ಟಿಲು ಹತ್ತಿ, ತಿರುಗಿ, "ನೀನು ಊಟ ಮಾಡಿದ್ದೀಯಾ ಇವತ್ತು?" ಎಂದರು. ಉತ್ತರಕ್ಕೆ ಮೊದಲೇ ಬಾಗಿಲು ಮುಚ್ಚಿಕೊಂಡಿತು.

ಸೋಮವಾರ ನಾನು ಎಂಟೂಕಾಲಿಗೆ ಮ್ಯಾನೇಜರರ ಬಾಗಿಲಲ್ಲಿದ್ದೆ. ಅವರು ಕೋಟು ಬಿಚ್ಚುವ ಮೊದಲೇ ಹೇಳಿದೆ. ಅವರು ಕೂಗಾಡಲಿಲ್ಲ. ಯಾವ ದಿನ, ಎಷ್ಟು, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಂಡರು. ಕೊನೆಗೆ, "ಯಾಕೆ ಕೊಟ್ಟೆ?" ಎಂದರು. ಬಹಳ ಯೋಚಿಸಿಯೂ ನನಗೆ ಸಿಕ್ಕಿದ್ದು ಒಂದೇ ಉತ್ತರ. "ಅವರು ಕುಡಿದರು" ಎಂದೆ. ಅವರು ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು. ಎಲ್ಲ ವಾಕ್ಯಗಳೂ ಸರಿಯಾಗಿದ್ದವು. 'ಅಕ್ಕಿಯ ನೀರು' ಎಂದು ಬರೆದಿದ್ದರು. ಅದರ ಕೆಳಗೆ ಸಹಿ ಹಾಕಿದೆ.

ನನ್ನ ಕೆಲಸ ಆ ದಿನವೇ ಮುಗಿಯಿತು. ವಿಶ್ವವಿದ್ಯಾಲಯಕ್ಕೂ ವೀಸಾಕ್ಕೂ ಅದು ಮುಟ್ಟಲಿಲ್ಲ. ನಾನು ಹೆದರಿದ್ದ ಅಷ್ಟೂ ಸಂಗತಿಗಳಲ್ಲಿ ಒಂದೂ ನಡೆಯಲಿಲ್ಲ. ಹೆಲೆನ್ ಬಾಯಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಕೆಲಸ ಉಳಿಯಿತು. ಪೆಗ್ಗಿ ಆಸ್ಪತ್ರೆಗೆ ಹೋದ ಒಂಬತ್ತನೆಯ ದಿನ ತೀರಿಕೊಂಡರು. ಅಂಥ ಗಂಟಲಿನವರಿಗೆ ತಮ್ಮ ಉಗುಳೇ ಶ್ವಾಸಕೋಶಕ್ಕೆ ಇಳಿದೂ ಹಾಗಾಗುವುದುಂಟು, ಇಂಥದ್ದರಿಂದಲೇ ಎಂದು ಹೇಳಲಾಗದು ಎಂದರಂತೆ ಡಾಕ್ಟರು. ಈ ಎರಡನ್ನೂ ಹೆಲೆನ್ ಬಾಯಿ ಎರಡೇ ಸಾಲಿನಲ್ಲಿ ಬರೆದು ಕಳಿಸಿದರು. ಡಾಕ್ಟರ ಮಾತನ್ನು ನಾನು ಹಲವು ಸಲ ಓದಿದ್ದೇನೆ. ಅದರಲ್ಲಿ ನನಗೆ ಬಿಡುಗಡೆಯೂ ಇಲ್ಲ, ಶಿಕ್ಷೆಯೂ ಇಲ್ಲ.

ಮಾರ್ಚಿನಲ್ಲಿ ಒಮ್ಮೆ ಹೆಲೆನ್ ಬಾಯಿ ಮಾರುಕಟ್ಟೆಯಲ್ಲಿ ಎದುರಾದರು. ಮಕ್ಕಳು ಜೊತೆಗಿದ್ದರು. ನಾನು ಕ್ಷಮೆ ಕೇಳಲು ಹೊರಟೆ. "ಆಯ್ತಲ್ಲ. ಈಗ ಪರೀಕ್ಷೆ ಬರೆ" ಎಂದರು. ಹೋಗುವಾಗ, "ಊರಿಗೆ ಹೋದರೆ ಬೇಳದಲ್ಲಿ ಇಳಿ ಒಮ್ಮೆ. ಅಮ್ಮನ ಹತ್ತಿರ ನಿನ್ನ ಬಗ್ಗೆ ಹೇಳಿದ್ದೇನೆ" ಎಂದರು. ಏನು ಹೇಳಿದ್ದಾರೆಂದು ಕೇಳುವ ಧೈರ್ಯವಾಗಲಿಲ್ಲ. ಊರಿಗೆ ಬಂದ ಮೇಲೂ ಬೇಳದಲ್ಲಿ ಇಳಿಯದೆ ಇದ್ದದ್ದು ಅದಕ್ಕೇ.

ಆ ಭಾನುವಾರ ಬೇಳದಿಂದ ಮರಳಿ ಬದಿಯಡ್ಕ ಬಸ್ ನಿಲ್ದಾಣದಲ್ಲಿ ಇಳಿದಾಗ ಪೇಟೆಯ ಅಂಗಡಿಗಳಲ್ಲಿ ದೀಪ ಹತ್ತಿತ್ತು. ಉಪ್ಪ ತಮ್ಮ ಚಪ್ಪಲಿ ಅಂಗಡಿಯ ಮುಂದೆ ನಿಂತಿದ್ದರು. ಭಾನುವಾರವೂ ಕೆಲಸವಾ ಎಂದು ಕೇಳಿದರು. ಅಲ್ಲ, ಬೇಳದಲ್ಲಿ ಒಬ್ಬರಿಗೆ ಹುಷಾರಿಲ್ಲ ಎಂದೆ. ಯಾರೆಂದು ಕೇಳಲಿಲ್ಲ. ನನ್ನ ಮುಖ ನೋಡಿ, "ಅಲ್ಲಿನವರಾ?" ಎಂದು ಮಾತ್ರ ಕೇಳಿದರು. 'ಅಲ್ಲಿ' ಎಂದರೆ ಎಲ್ಲಿಯೆಂದು ಇಬ್ಬರಿಗೂ ಗೊತ್ತಿತ್ತು.

"ಹೌದು. ಲೈಬ್ರರಿಯವರಲ್ಲ" ಎಂದೆ.

"ಅದು ಗೊತ್ತುಂಟು" ಎಂದು ಉಪ್ಪ ಅಂಗಡಿಯ ಬಾಗಿಲು ಎಳೆಯತೊಡಗಿದರು.

ಮರುದಿನ ಬೆಳಿಗ್ಗೆ ಎಸ್ಟೇಟಿಗೆ ಫೋನು ಮಾಡಿ ತಡವಾಗುತ್ತದೆಂದು ಹೇಳಿದೆ. ಮೊದಲ ಬಸ್ಸು ಹಿಡಿದು ಬೇಳದಲ್ಲಿ ಇಳಿದೆ. ಐರಿನಕ್ಕ ಅಡುಗೆಮನೆಯಲ್ಲಿದ್ದರು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು.

"ಮತ್ತೆ ಬಂದೆಯಾ? ಹೆಲೆನ್ ನಿನಗೆ ಸಂಬಳ ಕೊಡ್ತಾಳಾ?"

"ಐರಿನಕ್ಕ, ನಿನ್ನೆ ನೀವು ಒಂದು ಕೇಳಿದಿರಿ. ನಾನು ಸರಿಯಾಗಿ ಹೇಳಲಿಲ್ಲ. ನಾನು ಓದಿದ್ದಲ್ಲ. ನೋಡಿದ್ದೇನೆ. ಕೊಟ್ಟವಳು ನಾನೇ."

ಅವರು ಒಲೆಯನ್ನು ಸಣ್ಣ ಮಾಡಿದರು. ನಾನು ನಿಂತುಕೊಂಡೇ ಮೊದಲಿನಿಂದ ಹೇಳಿದೆ: ಒಂಬತ್ತನೇ ಕೋಣೆ, ನೀಲಿ ಹಾಳೆ, ಬೆರಳಲ್ಲಿ ಬಳಿದು ನೆಕ್ಕಿದ ಕೆನೆ, ಹೆಲೆನ್ ಬಾಯಿಯ ಮೂರು ಸಹಿ, ಖಾಲಿ ಹಾಸಿಗೆ. ತಿಳಿಯಿಂದಲೇ ಹಾಗಾಯಿತೆಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ ಎಂದೆ. ಹಿಂದಿನ ಕೋಣೆಯಲ್ಲಿ ಸೆವ್ರಿನ್ ಬಾಯಿ ಒಂದೆರಡು ಸಲ ಕೆಮ್ಮಿದರು. ನಾನು ಹೇಳಿ ಮುಗಿಸಿದ ಮೇಲೆ ಐರಿನಕ್ಕ ಸೌಟಿನಿಂದ ಗಂಜಿಯನ್ನೊಮ್ಮೆ ಕಲಕಿದರು.

"ಹೆಲೆನ್ ನನ್ನಲ್ಲಿ ಇದು ಯಾವುದೂ ಹೇಳಲಿಲ್ಲ. ಬದಿಯಡ್ಕದ ಒಂದು ಹುಡುಗಿ ಉಂಟು, ಸುಳ್ಳು ಹೇಳ್ಲಿಕ್ಕೆ ಬಾರದವಳು ಅಂತ ಮಾತ್ರ ಹೇಳಿದ್ದು" ಎಂದರು.

ಆಮೇಲೆ ಸೌಟಿನಿಂದ ಅನ್ನವನ್ನೂ ತಿಳಿಯನ್ನೂ ಒಟ್ಟಿಗೆ ಎತ್ತಿ ಮಿಕ್ಸಿಗೆ ಹಾಕಿ ನುಣ್ಣಗೆ ಅರೆದರು. ಬಟ್ಟಲಿಗೆ ಬಗ್ಗಿಸಿ ನನ್ನ ಮುಂದಿಟ್ಟರು. "ಎಷ್ಟು ದಪ್ಪ ಬೇಕು, ತೋರಿಸು."

ನಾನು ಚಮಚ ತುಂಬಿಸಿ, ಬಟ್ಟಲಿನ ಮೇಲೆ ಹಿಡಿದು ಓರೆ ಮಾಡಿದೆ. ಇಬ್ಬರೂ ಬಗ್ಗಿ ನೋಡಿದೆವು. ಅದು ಎಳೆಯಾಗಿ ಇಳಿಯಲಿಲ್ಲ. ಅಂಚಿನಲ್ಲಿ ತಡೆದು ನಿಂತು, ತೊಟ್ಟು ತೊಟ್ಟಾಗಿ ಬಿತ್ತು. "ಇಷ್ಟು" ಎಂದೆ. ಕೈ ತೊಳೆದುಕೊಂಡು, ಬಟ್ಟಲು ಹಿಡಿದು ಸೆವ್ರಿನ್ ಬಾಯಿಯ ಕೋಣೆಗೆ ಹೋದೆ. ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟು ನೆಟ್ಟಗೆ ಕೂರಿಸಿದೆ. ಮೊದಲ ಚಮಚವನ್ನು ಅವರು ಉಗಿದರು. ಒರೆಸಿ, ಸ್ವಲ್ಪ ಉಪ್ಪು ಹಾಕಿ, ಎರಡನೆಯದನ್ನು ಹಿಡಿದೆ. ಅವರು ನುಂಗುವವರೆಗೆ ಗಂಟಲನ್ನೇ ನೋಡುತ್ತ ಕಾದೆ. ಮೂರನೆಯದನ್ನು ತುಂಬಿಸಿದೆ.